ಬೀಡಿನ ಬಾಣಲೆ, ಸ್ಟೀಲ್, ನಾನ್‌ಸ್ಟಿಕ್: ಎಲ್ಲವನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೀಡಿನ ಬಾಣಲೆಗೆ. ಬೀಡು ಅಂದರೆ ಎರಕ ಹೊಯ್ದ ಕಬ್ಬಿಣ. ಎರಡು ವರ್ಷದಲ್ಲಿ ನಮ್ಮ ಅಡುಗೆಮನೆಗೆ ನಾಲ್ಕು ಬಾಣಲೆ ಬಂದವು: ನಾನ್‌ಸ್ಟಿಕ್ ಒಂದು, ಸೆರಾಮಿಕ್ ಲೇಪನದ್ದು ಒಂದು, ದಪ್ಪ ತಳದ ಸ್ಟೀಲ್ ಒಂದು, ಕೊನೆಗೆ ಬೀಡಿನದು. ಈಗ ದಿನಾ ಒಲೆ ಏರುವುದು ಬೀಡು, ಅದರ ಜೊತೆಗೆ ಸ್ಟೀಲ್. ಉಳಿದೆರಡು ಮನೆಯಲ್ಲಿಲ್ಲ.

ಇದೆಲ್ಲ ಶುರುವಾದದ್ದು ಒಂದು ಫೋನ್ ಕರೆಯಿಂದ. ಖಾಲಿ ನಾನ್‌ಸ್ಟಿಕ್ ಬಾಣಲೆಯನ್ನು ಜೋರು ಉರಿಗೆ ಇಟ್ಟಿದ್ದೆ. ಫೋನ್ ಬಂತು, ಹಾಲ್‌ಗೆ ಹೋದೆ, ಮರೆತೆ. ವಾಪಸ್ ಬರುವಷ್ಟರಲ್ಲಿ ಅಡುಗೆಮನೆ ತುಂಬ ಕಟುವಾದ ಘಾಟು, ಉಸಿರೆಳೆದರೆ ಗಂಟಲು ಕೆರೆತ. ಪಕ್ಕದ ಕೋಣೆಯಲ್ಲಿ ಮಗಳ ಎರಡು ಲವ್‌ಬರ್ಡ್‌ಗಳಿದ್ದವು. ಅವಳು ಪಂಜರ ಎತ್ತಿಕೊಂಡು ಹೊರಗೆ ಓಡಿದಳು, ನಾನು ಒಲೆ ಆರಿಸಿ ಕಿಟಕಿಗಳನ್ನೆಲ್ಲ ತೆಗೆದೆ. ಹಕ್ಕಿಗಳಿಗೆ ಏನೂ ಆಗಲಿಲ್ಲ. ಎಂಥ ಅನಾಹುತ ತಪ್ಪಿತು ಅಂತ ಗೊತ್ತಾದದ್ದು ಆ ರಾತ್ರಿ ಕೂತು ಓದಿದ ಮೇಲೆ.

ನಾನ್‌ಸ್ಟಿಕ್ ಪಾತ್ರೆಯ ಮೇಲಿರುವ ಲೇಪನದ ಹೆಸರು ಪಿಟಿಎಫ್‌ಇ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಫ್ರಿಜ್‌ಗೆ ಬೇಕಾದ ಅನಿಲದ ಪ್ರಯೋಗ ಮಾಡುತ್ತಿದ್ದಾಗ ಆಕಸ್ಮಿಕವಾಗಿ ಸಿಕ್ಕಿದ ವಸ್ತು ಅದು. ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ಅದರ ಪಾಡಿಗೆ ಅದು ಇರುತ್ತದೆ. ಅದನ್ನು ಮೀರಿ ಕಾಯುತ್ತ ಹೋದಂತೆ ಲೇಪನ ಒಡೆದು ವಿಷದ ಹೊಗೆ ಬಿಡಲು ಶುರುಮಾಡುತ್ತದೆ. ಆ ಹೊಗೆ ಜಾಸ್ತಿ ಕುಡಿದವರಿಗೆ ಫ್ಲೂ ಬಂದ ಹಾಗೆ ಚಳಿ, ಜ್ವರ, ಎದೆ ಬಿಗಿತ ಬರುತ್ತದೆ. ಸಾಕಿದ ಹಕ್ಕಿಗಳು ಸತ್ತೇ ಹೋಗುತ್ತವೆ, ಅವುಗಳ ಶ್ವಾಸಕೋಶ ಅಷ್ಟು ಸೂಕ್ಷ್ಮ. ಬಾಣಲೆಯಲ್ಲಿ ತರಕಾರಿಯೋ ನೀರೋ ಇದ್ದರೆ ಬಿಸಿ ಅಷ್ಟು ಏರುವುದಿಲ್ಲ. ಖಾಲಿ ಬಾಣಲೆ ಜೋರು ಉರಿಯಲ್ಲಿ ಕೆಲವೇ ನಿಮಿಷದಲ್ಲಿ ಆ ಮಟ್ಟ ದಾಟುತ್ತದೆ.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಲೇಪನದ ಚೂರು ಹೊಟ್ಟೆಗೆ ಹೋದರೆ ಅದು ಕರಗದೆ ಹಾಗೇ ಹೊರಗೆ ಹೋಗುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಸಣ್ಣ ಉರಿಯಲ್ಲಿ, ಮರದ ಸೌಟಿನಲ್ಲಿ, ಮೈಯೆಲ್ಲ ಕಣ್ಣಾಗಿ ಬಳಸುವವರಿಗೆ ನಾನ್‌ಸ್ಟಿಕ್ ಸುಲಭದ ಪಾತ್ರೆಯೇ. ನಮ್ಮ ಮನೆಯಲ್ಲಿ ಅಡುಗೆಗೆ ನಿಲ್ಲುವವರು ನಾಲ್ಕು ಜನ, ಅದರಲ್ಲೊಬ್ಬಳಿಗೆ ಹದಿಮೂರು ವರ್ಷ. ದಿನಾ ಅಷ್ಟು ಎಚ್ಚರದಲ್ಲಿರಲು ನಮ್ಮಿಂದ ಆಗಲಿಲ್ಲ.

ಇನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ‘ಪಿಎಫ್‌ಒಎ ರಹಿತ’ ಎಂಬ ಮಾತು. ನಾನು ಅದನ್ನೇ ನಂಬಿ ಕೊಂಡಿದ್ದೆ. ಪಿಎಫ್‌ಒಎ ಎಂಬುದು ಲೇಪನ ತಯಾರಿಸುವಾಗ ಹಿಂದೆ ಬಳಸುತ್ತಿದ್ದ ರಾಸಾಯನಿಕ. 2019ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಹಾಕಿತು. ಅದು ಹೋದದ್ದು ಒಳ್ಳೆಯದೇ. ಆದರೆ ಆ ಚೀಟಿ ಇದ್ದ ಬಾಣಲೆಯ ಲೇಪನವೂ ಪಿಟಿಎಫ್‌ಇ ಆಗಿರಬಹುದು, ಖಾಲಿ ಕಾಯಿಸಿದರೆ ಅದೇ ಹೊಗೆ. ಕೊಳ್ಳುವಾಗ ಇದನ್ನು ನನಗೆ ಯಾರೂ ಹೇಳಲಿಲ್ಲ.

ಸೆರಾಮಿಕ್ ಲೇಪನದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಪಿಟಿಎಫ್‌ಇ ಇಲ್ಲ, ಮರಳಿನ ಮೂಲವಸ್ತುವಾದ ಸಿಲಿಕಾದ ತೆಳು ಪದರವಿದೆ. ಮೊದಲ ತಿಂಗಳು ಬೆಣ್ಣೆಯಂತೆ ಜಾರಿತು, ಎಂಟನೇ ತಿಂಗಳಿಗೆ ಮೊಟ್ಟೆ ಕೆರೆದು ತೆಗೆಯುವ ಸ್ಥಿತಿ. ಮತ್ತೆ ಸರಿಮಾಡುವ ದಾರಿಯೇ ಇಲ್ಲ.

ಸ್ಟೀಲ್ ನನಗೆ ಇಷ್ಟ, ಅದನ್ನು ಬಳಸಲು ಕಲಿಯಬೇಕಾಯಿತು ಅಷ್ಟೆ. ತಣ್ಣಗಿನ ಸ್ಟೀಲ್‌ಗೆ ಮೊಟ್ಟೆ ಒಡೆದು ಹಾಕಿದರೆ ತಳ ಹಿಡಿದು ಕೂರುತ್ತದೆ. ಕಾದ ಬಾಣಲೆಗೆ ನಾಲ್ಕು ಹನಿ ನೀರು ಹಾಕಿ ನೋಡಿ. ಚುಂಯ್ ಎಂದು ಆರಿಹೋದರೆ ಇನ್ನೂ ಕಾಯಬೇಕು. ಹನಿ ಪಾದರಸದ ಗುಂಡಿನ ಹಾಗೆ ಉರುಳಾಡಿದರೆ ಉರಿ ಇಳಿಸಿ, ನೀರು ಒರೆಸಿ, ಎಣ್ಣೆ ಹಾಕಿ, ಆಮೇಲೆ ಮೊಟ್ಟೆ. ಹನಿಯ ಕೆಳಗೆ ಆವಿಯ ಪದರ ಕಟ್ಟುವುದರಿಂದ ಹಾಗೆ ಉರುಳುತ್ತದೆ. 1756ರಲ್ಲೇ ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯ ಇದನ್ನು ಬರೆದಿಟ್ಟಿದ್ದಾನೆ. ನಿಕ್ಕಲ್ ಅಲರ್ಜಿ ಇರುವವರು ಮಾತ್ರ ಸ್ಟೀಲ್ ಕೊಳ್ಳುವ ಮುಂಚೆ ಯೋಚಿಸಬೇಕು. ಒಳ್ಳೆಯ ಪಾತ್ರೆಗಳ ಸ್ಟೀಲಿನಲ್ಲಿ ಸಾಮಾನ್ಯವಾಗಿ ಶೇ. 18ರಷ್ಟು ಕ್ರೋಮಿಯಂ ಜೊತೆಗೆ ಶೇ. 8ರಿಂದ 10ರಷ್ಟು ನಿಕ್ಕಲ್ ಇರುತ್ತದೆ, ಹುಳಿ ಪದಾರ್ಥ ಕುದಿಸಿದಾಗ ಸ್ವಲ್ಪ ಬಿಟ್ಟುಕೊಳ್ಳುತ್ತದೆ.

ಈಗ ಬೀಡಿಗೆ ಬರುತ್ತೇನೆ. ಮೊದಲ ಎರಡು ತಿಂಗಳು ಅದು ನನ್ನನ್ನು ಅಳಿಸಿಬಿಟ್ಟಿತು.

ಬೀಡನ್ನು ಪಳಗಿಸಬೇಕು ಅಂತ ಗೊತ್ತಿತ್ತು. ತುಕ್ಕು ಹಿಡಿಯದಿರಲೆಂದು ಹಚ್ಚಿ ಕಳಿಸಿದ್ದ ಮೇಣದ ಪದರವನ್ನು ಸೋಪು ಹಾಕಿ ಉಜ್ಜಿ ತೆಗೆದೆ. ಒಣಗಿಸಿ, ಕೈತುಂಬ ಎಣ್ಣೆ ಸವರಿ, ಕಾಯಿಸಿ ಇಟ್ಟೆ. ಬೆಳಿಗ್ಗೆ ನೋಡಿದರೆ ಬಾಣಲೆಯ ಒಳಗೆಲ್ಲ ಕಂದು ಬಣ್ಣದ ಹನಿಗಳು ಮರದ ಅಂಟಿನ ಹಾಗೆ ಕೂತಿವೆ. ಬೆರಳು ಒತ್ತಿದರೆ ಬೆರಳಚ್ಚು ಮೂಡುತ್ತದೆ. ಒರೆಸಲು ಹೋದರೆ ಬಟ್ಟೆಯ ಎಳೆಗಳು ಅಂಟಿಕೊಂಡು ಬಾಣಲೆಗೇ ಮೀಸೆ ಬಂದ ಹಾಗಾಯಿತು. ಅದರ ಮೇಲೆ ಮೊಟ್ಟೆ ಹಾಕಿದೆ, ಅರ್ಧ ತಟ್ಟೆಗೆ ಬಂತು, ಅರ್ಧ ಅಲ್ಲೇ ಉಳಿಯಿತು.

ಕಲ್ಲುಪ್ಪು ಹಾಕಿ ತಿಕ್ಕಿ ತಿಕ್ಕಿ ತೆಗೆದೆ. ಅಗಸೆ ಎಣ್ಣೆ ಎಲ್ಲಕ್ಕಿಂತ ಗಟ್ಟಿ ಪದರ ಕಟ್ಟುತ್ತದೆ ಎಂದು ಓದಿ, ಎರಡನೇ ಸಲ ಅದನ್ನೇ ಹಚ್ಚಿದೆ. ಕನ್ನಡಿಯಂಥ ಹೊಳಪು ಬಂತು, ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮೂರು ವಾರದಲ್ಲಿ ಆ ಹೊಳಪು ಮೀನಿನ ಪೊರೆಯ ಹಾಗೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಚಕ್ಕೆ ಏಳುವ ಪಾತ್ರೆ ಬೇಡವೆಂದು ತಾನೇ ನಾನು ಇದನ್ನು ತಂದದ್ದು! ಅವತ್ತು ಬಾಣಲೆಯನ್ನು ಸಿಂಕಿನ ಕೆಳಗೆ ನೂಕಿ ಬಾಗಿಲು ಹಾಕಿದೆ.

ಅದನ್ನು ಹೊರಗೆ ತೆಗೆದವರು ಅತ್ತೆ. ತಳವನ್ನು ಹೆಬ್ಬೆರಳಿನಿಂದ ಸವರಿ ನೋಡಿ, “ಎಣ್ಣೆ ಜಾಸ್ತಿ ಆಯ್ತು ಕಣಮ್ಮ” ಅಂದರು. “ಹಚ್ಚಿದ್ದನ್ನೆಲ್ಲ ಒರೆಸಿಬಿಡು, ಹಚ್ಚೇ ಇಲ್ಲ ಅನ್ನೋ ಹಾಗೆ. ಆಮೇಲೆ ಕಾಯಿಸು.”

ಅವರ ಮಾತಿನಂತೆ ಮತ್ತೆ ಬರಿ ಕಬ್ಬಿಣ ಕಾಣುವವರೆಗೆ ಉಜ್ಜಿದೆವು. ಒಣಗಿದ ಬಾಣಲೆಯನ್ನು ಕೈ ಸುಡದಷ್ಟು ಬೆಚ್ಚಗೆ ಮಾಡಿ, ಅರ್ಧ ಚಮಚ ಮಾಮೂಲಿ ಅಡುಗೆ ಎಣ್ಣೆಯನ್ನು ಒಳಗೆ, ಹೊರಗೆ, ಹಿಡಿಗೆ ಎಲ್ಲ ಸವರಿದರು. ಆಮೇಲೆ ಒಣ ಹತ್ತಿ ಬಟ್ಟೆ ತಗೊಂಡು, ಏನೋ ತಪ್ಪಾಗಿ ಚೆಲ್ಲಿದ್ದನ್ನು ಒರೆಸುವ ಹಾಗೆ ಪೂರ್ತಿ ಒರೆಸಿದರು. ಎಣ್ಣೆಯ ಹೊಳಪೂ ಉಳಿಯಲಿಲ್ಲ. ಕಿಟಕಿ ತೆಗೆದು ಮಧ್ಯಮ ಉರಿಯಲ್ಲಿಟ್ಟರೆ ತೆಳು ಹೊಗೆ ಬಂತು, ಸ್ವಲ್ಪ ಹೊತ್ತಿಗೆ ನಿಂತಿತು. ಆರಿಸಿ, ತಣಿಸಿ, ಮತ್ತೆ ಅದೇ. ನಾಲ್ಕು ಸುತ್ತು. ಕಾವಿಗೆ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಪದರ ತೆಳುವಾಗಿದ್ದರೆ ಪೂರ್ತಿ ಗಟ್ಟಿಯಾಗುತ್ತದೆ, ದಪ್ಪವಾಗಿದ್ದರೆ ಅಂಟಂಟಾಗಿಯೇ ಉಳಿಯುತ್ತದೆ. ನನ್ನ ಎರಡು ತಿಂಗಳ ಗೋಳಿಗೆ ಕಾರಣ ಇಷ್ಟೇ ಆಗಿತ್ತು. ಸಂಜೆ ಮೊಟ್ಟೆ ಹಾಕಿದಾಗ ಅಂಚು ತಾನೇ ಎದ್ದಿತು, ಮಗಳು ಬಾಣಲೆ ಅಲ್ಲಾಡಿಸಿದರೆ ಮೊಟ್ಟೆ ಜಾರಾಡಿತು.

ಆಮೇಲೆ ಒಂದು ಸಲ ನಮ್ಮನೆಯವರು ರಾತ್ರಿಯೆಲ್ಲ ಅದನ್ನು ಸಿಂಕಿನಲ್ಲಿ ನೆನೆಹಾಕಿಬಿಟ್ಟರು. ಬೆಳಿಗ್ಗೆ ಕೇಸರಿ ಬಣ್ಣದ ತುಕ್ಕು. ಉಜ್ಜಿ, ಒರೆಸಿ, ಎರಡು ಸುತ್ತು ಪಳಗಿಸುವ ಹೊತ್ತಿಗೆ ಒಂದು ಗಂಟೆ ಆಯಿತು, ಬಾಣಲೆ ಮೊದಲಿನ ಹಾಗಾಯಿತು. ನಾನ್‌ಸ್ಟಿಕ್ ಮೇಲೆ ಬಿದ್ದ ಒಂದು ಗೀರಿಗೆ ನಾನು ಏನೂ ಮಾಡಲಾಗಿರಲಿಲ್ಲ. ಬೀಡನ್ನು ನಾನು ಮೆಚ್ಚಿದ್ದೇ ಇದಕ್ಕೆ: ಕೆಟ್ಟರೆ ಮನೆಯಲ್ಲೇ, ನಮ್ಮ ಕೈಯಲ್ಲೇ ಸರಿಹೋಗುತ್ತದೆ.

ಸೋಪು ಹಾಕಬಾರದು ಅನ್ನುತ್ತಾರೆ, ಹಾಕಬಹುದು. ಹಿಂದಿನ ಕಾಲದ ಕ್ಷಾರದ ಸೋಪು ಪದರವನ್ನು ತಿನ್ನುತ್ತಿತ್ತು, ಈಗಿನ ಪಾತ್ರೆ ತೊಳೆಯುವ ದ್ರವಕ್ಕೆ ಆ ಶಕ್ತಿಯಿಲ್ಲ. ತೊಳೆದ ಕೂಡಲೇ ಒರೆಸಿ ಒಲೆಯ ಮೇಲೆ ಒಂದು ನಿಮಿಷ ಕಾಯಿಸಿದರೆ ಸಾಕು. ಕಾದ ಬಾಣಲೆಗೆ ತಣ್ಣೀರು ಸುರಿಯಬೇಡಿ, ನೆಲಕ್ಕೆ ಬೀಳಿಸಬೇಡಿ. ಬೀಡು ಸೀಳುತ್ತದೆ.

ಹುಳಿ ಮಾತ್ರ ಅದಕ್ಕಾಗದು. ಟೊಮೆಟೊ ಅರ್ಧ ಗಂಟೆ ಕುದಿಸಿದ ದಿನ ಗೊಜ್ಜು ಕಪ್ಪಿಟ್ಟು, ಬಾಯಿಗೆ ಲೋಹದ ರುಚಿ ಹತ್ತಿತು. ಹುಳಿ ಇದ್ದಷ್ಟೂ, ಹೊತ್ತು ಕುದಿದಷ್ಟೂ ಕಬ್ಬಿಣ ಅಡುಗೆಗೆ ಇಳಿಯುತ್ತದೆ. ರಕ್ತಹೀನತೆ ಇರುವವರಿಗೆ ಇದರಿಂದ ಸ್ವಲ್ಪ ಅನುಕೂಲವೇ, ಆದರೆ ಡಾಕ್ಟರು ಬರೆದ ಮಾತ್ರೆಯನ್ನು ಬಾಣಲೆ ನಂಬಿ ಬಿಡಬಾರದು. ದೇಹದಲ್ಲಿ ಕಬ್ಬಿಣ ಶೇಖರವಾಗುವ ಹೀಮೊಕ್ರೊಮಟೋಸಿಸ್ ಕಾಯಿಲೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಬೀಡು ಬೇಡ.

ಭಾರ ಇನ್ನೊಂದು. ನಮ್ಮದು ಎರಡೂವರೆ ಕಿಲೋ ತೂಗುತ್ತದೆ, ಅತ್ತೆಯ ಮಣಿಕಟ್ಟು ತಡೆಯುವುದಿಲ್ಲ. ಅವರಿಗಾಗಿ, ಹುಳಿ ಅಡುಗೆಗಾಗಿ ಸ್ಟೀಲ್ ಇಟ್ಟುಕೊಂಡಿದ್ದೇವೆ. ಒಂದೇ ಕೊಳ್ಳಲು ಸಾಧ್ಯ, ದಿನಾ ಹತ್ತು ನಿಮಿಷ ಹೆಚ್ಚು ಸಿಗುತ್ತದೆ ಅನ್ನುವವರು ಬೀಡು ತಗೊಳ್ಳಿ. ನಾನು ಕೊಟ್ಟ ಹಣ ನಾನ್‌ಸ್ಟಿಕ್‌ಗೆ ಕೊಟ್ಟದ್ದಕ್ಕಿಂತ ಕಡಿಮೆ, ಸ್ಟೀಲ್‌ಗೆ ಕೊಟ್ಟದ್ದರ ಅರ್ಧವೂ ಇಲ್ಲ. ಪಾತ್ರೆಯನ್ನು ನೀರಲ್ಲಿ ಬಿಟ್ಟು ಮಲಗುವ ಅಭ್ಯಾಸದ ಮನೆಗೆ ಸ್ಟೀಲೇ ಸರಿ.

ನಾನ್‌ಸ್ಟಿಕ್ ಬಾಣಲೆ ಗುಜರಿಗೆ ಹೋಯಿತು. ಅದರ ಗಾಜಿನ ಮುಚ್ಚಳ ಮಾತ್ರ ಇಟ್ಟುಕೊಂಡೆ, ಬೀಡಿನ ಬಾಣಲೆಗೆ ಅಳತೆ ತೆಗೆದ ಹಾಗೆ ಕೂರುತ್ತದೆ.