ಹವಳದ ಟ್ಯಾಂಕಿನ ಎಲ್‌ಇಡಿ ಲೈಟು: ಬೆಳಕು ಸೊಗಸು, ಗಡಿಯಾರ ದಂಡ

ಎಷ್ಟು ವ್ಯಾಟ್, ಎಷ್ಟು ಚಾನೆಲ್ ಅನ್ನೋದನ್ನೆಲ್ಲ ನೀವು ಬಾಕ್ಸಿನ ಮೇಲೆ ಓದಿರುತ್ತೀರಿ, ಮತ್ತೆ ಬರೆಯುವುದಿಲ್ಲ. ಮೊದಲು ನನ್ನ ತಕರಾರು ಕೇಳಿ. ಕರೆಂಟ್ ಹೋಗಿ ಬಂದರೆ ಈ ಲೈಟಿಗೆ ಟೈಮ್ ಎಷ್ಟು ಅನ್ನೋದೇ ನೆನಪಿರುವುದಿಲ್ಲ. ಆ್ಯಪ್ ತೆರೆದು ಮತ್ತೆ ಜೋಡಿಸುವವರೆಗೂ ಅದರ ಪಾಲಿಗೆ ನಡುಮಧ್ಯಾಹ್ನ. ರಾತ್ರಿ ಎರಡು ಗಂಟೆಗೆ ಹಾಲ್ ತುಂಬ ಬಿಳಿ ಬೆಳಕು, ಮಲಗಿದ್ದ ಮೀನುಗಳು ಗಾಬರಿಬಿದ್ದು ಕಲ್ಲಿಗೆ ಡಿಕ್ಕಿ ಹೊಡೆಯುತ್ತವೆ. ಇಷ್ಟು ದುಬಾರಿ ಸಾಮಾನಿನಲ್ಲಿ ಒಂದು ಬಟನ್ ಸೆಲ್ ಇಡೋಕೆ ಏನು ಕಷ್ಟ? ಕಂಪನಿಗೆ ಬರೆದರೆ ಆ್ಯಪ್ ಅಪ್‌ಡೇಟ್ ಮಾಡಿ ಅಂತ ಉತ್ತರ ಬಂತು. ಮಾಡಿದ್ದಾಯಿತು. ಏನೂ ಬದಲಾಗಲಿಲ್ಲ.

ನಿದ್ದೆ ಕೆಟ್ಟಿದ್ದಕ್ಕೆ ಮಾತ್ರ ಈ ಸಿಟ್ಟಲ್ಲ. ಹೊಸ ಹವಳ ತಂದಾಗ ಬೆಳಕನ್ನು ಕಡಿಮೆಯಿಂದ ಶುರು ಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸುವ ಮೋಡ್ ಇದರಲ್ಲಿದೆ. ತುಂಬಾ ಒಳ್ಳೆಯ ವ್ಯವಸ್ಥೆ. ಆದರೆ ಕರೆಂಟ್ ಹೋದರೆ ಅದೂ ಅಳಿಸಿಹೋಗಿ ಲೈಟು ಸೀದಾ 100 ಪರ್ಸೆಂಟಿಗೆ ಹೋಗುತ್ತದೆ. ಹವಳದ ಮೈಯೊಳಗಿನ ಪಾಚಿ ಒಮ್ಮೆಲೇ ಅಷ್ಟು ಬೆಳಕು ತಡೆಯೋದಿಲ್ಲ, ಹವಳ ಅದನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. ಟ್ಯಾಂಕಿನ ತಳದಲ್ಲಿಟ್ಟಿದ್ದ ನನ್ನ ಕೆಂಪು ಅಕಾನ್ ಹವಳ ಹಾಗೇ ಪೇಲವವಾಯಿತು. ಮತ್ತೆ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದವು.

ಆದರೂ ಲೈಟನ್ನು ಬಿಚ್ಚಿಲ್ಲ. ಕಾರಣ ಸಂಜೆ. ಬಿಳಿ ಮೆಲ್ಲಗೆ ಇಳಿದು 420ರಿಂದ 460 ನ್ಯಾನೊಮೀಟರಿನ ನೀಲಿ ಮಾತ್ರ ಉಳಿಯುವ ಆ ಒಂದು ಗಂಟೆ ಇದೆಯಲ್ಲ, ಅದಕ್ಕಾಗಿಯೇ ಆಫೀಸ್ ಕೆಲಸ ಬೇಗ ಮುಗಿಸುತ್ತೇನೆ. ಹವಳದಲ್ಲಿರುವ ಕೆಲವು ಪ್ರೋಟೀನುಗಳು ನೀಲಿ ಬೆಳಕು ಹೀರಿ ಹಸಿರು, ಕಿತ್ತಳೆ ಬಣ್ಣವಾಗಿ ವಾಪಸ್ ಕೊಡುತ್ತವೆ. ಹಗಲಲ್ಲಿ ಸಾಧಾರಣವಾಗಿ ಕಾಣುವ ಜೊಯಾಂಥಿಡ್‌ಗಳು (ಪುಟ್ಟ ಹೂವಿನಂತಿರುವ ಹವಳದ ಜಾತಿಯ ಜೀವಿಗಳು) ಆಗ ಕೆಂಡದ ಹಾಗೆ ಹೊಳೆಯುತ್ತವೆ. ಮ್ಯಾಗ್ನೆಟ್‌ನಿಂದ ಗಾಜಿನ ಪಾಚಿ ಉಜ್ಜುತ್ತೇನೆ, ಆವಿಯಾದಷ್ಟು ಆರ್‌ಒ ನೀರು ಸೇರಿಸುತ್ತೇನೆ (ಉಪ್ಪು ಆವಿಯಾಗಲ್ಲ, ಅದಕ್ಕೇ ಉಪ್ಪುನೀರು ಸೇರಿಸಬಾರದು), ಒದ್ದೆ ಬಟ್ಟೆಯಿಂದ ಲೈಟಿನ ಲೆನ್ಸ್ ಒರೆಸುತ್ತೇನೆ. ಈ ಒರೆಸೋದನ್ನು ಮಾತ್ರ ಬಿಡಬೇಡಿ. ನೀರು ಸಿಡಿದು ಕಟ್ಟುವ ಉಪ್ಪಿನ ಪೊರೆ ಬೆಳಕನ್ನು ನುಂಗುತ್ತದೆ. ಫೋಟೋ ತೆಗೆಯೋದಾದರೆ ಫೋನಿನ ಕ್ಯಾಮೆರಾ ಮುಂದೆ ಕಿತ್ತಳೆ ಫಿಲ್ಟರ್ ಹಿಡಿಯಿರಿ, ಇಲ್ಲದಿದ್ದರೆ ಬರೀ ನೀಲಿ ಮಸಿ ಬರುತ್ತದೆ.

ನೀಲಿ ನಮ್ಮ ಕಣ್ಣಿಗೆ ಮಂಕು, ಹವಳಕ್ಕಲ್ಲ. ಕತ್ತಲೆ ಅನ್ನಿಸಿತು ಅಂತ ಸುಮ್ನೆ ಏರಿಸಬೇಡಿ, ಪಾರ್ ಮೀಟರ್ (ಹವಳದೊಳಗಿನ ಪಾಚಿ ಬಳಸುವ ಬೆಳಕನ್ನು ಅಳೆಯುವ ಸಾಧನ) ಬಾಡಿಗೆಗೆ ಸಿಕ್ಕರೆ ಅಳೆಯಿರಿ. ಮೆತ್ತನೆಯ ಹವಳಗಳಿಗೆ 50ರಿಂದ 150 ಪಾರ್ ಸಾಕು. ಅಕ್ರೊಪೊರಾ ಥರದ ಗಟ್ಟಿ ಹವಳಗಳಿಗೆ 200ರ ಮೇಲೆ ಬೇಕು, ಅವನ್ನು ಮೇಲುಗಡೆ ಇಡಿ.

ಇನ್ನು ಬಾಕ್ಸಿನ ಮೇಲಿನ ಆ ನೇರಳೆ ಹವಳದ ಚಿತ್ರ. ಅಲ್ಲಿರುವ ನೇರಳೆ ಬರೀ ಲೈಟಿನಿಂದ ಬರುವುದಿಲ್ಲ, ಅದನ್ನು ಅವರು ಹೇಳಲ್ಲ. ನನ್ನ ಮೊಂಟಿಪೊರಾ ಅನ್ನೋ ಗಟ್ಟಿ ಹವಳ ಇದೇ ಲೈಟಿನ ಕೆಳಗೆ ಬಹಳ ಕಾಲ ಕಂದು ಬಣ್ಣದಲ್ಲೇ ಇತ್ತು. ಮೀನಿನ ಕಸದಿಂದ ನೀರಲ್ಲಿ ಸೇರುವ ನೈಟ್ರೇಟ್ ಜಾಸ್ತಿಯಾದರೆ ಒಳಗಿನ ಪಾಚಿ ಹೆಚ್ಚುತ್ತದೆ, ಆ ಕಂದು ಅದರದ್ದೇ. ನೈಟ್ರೇಟ್ 5ರಿಂದ 10 ಪಿಪಿಎಂಗೆ ಇಳಿದು, ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಅದರ ಅಳತೆ ಡಿಕೆಎಚ್) 8 ಡಿಕೆಎಚ್ ಸುತ್ತಮುತ್ತ ಅಲುಗಾಡದೆ ನಿಂತ ಮೇಲೆ ಅಂಚಿನಿಂದ ನೇರಳೆ ಬಂತು. ಹಾಗಂತ ನೈಟ್ರೇಟನ್ನು ಸೊನ್ನೆಗೆ ಇಳಿಸಿದರೆ ಹವಳ ಹಸಿದು ಮಾಸುತ್ತದೆ. ಟೆಸ್ಟ್ ಕಿಟ್ ಕೊಳ್ಳಲು ದುಡ್ಡು ಉಳಿಯದ ಹಾಗೆ ಲೈಟಿಗೇ ಎಲ್ಲ ಸುರಿಯಬೇಡಿ.

ಈಗ ಲೈಟಿಗೆ ಒಂದು ಸಣ್ಣ ಯುಪಿಎಸ್ ಹಾಕಿದ್ದೇನೆ, ರಾತ್ರಿ ಕಾಟ ತಪ್ಪಿದೆ. ಕೊಳ್ಳುವವರು ಆ ಯುಪಿಎಸ್ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ. ಸದ್ಯಕ್ಕೆ ಐದಕ್ಕೆ ಮೂರು ಸ್ಟಾರ್. ಗಡಿಯಾರ ಸರಿ ಮಾಡಲಿ, ನಾಲ್ಕನೆಯದನ್ನು ಆವತ್ತೇ ಸೇರಿಸುತ್ತೇನೆ.