ಬಟ್ಟೆ ಜೋಕಾಲಿ: ನಾಲ್ಕು ತಿಂಗಳು ಬಳಸಿದ ಮೇಲೆ

ನಾನು ಬಸ್ ಡ್ರೈವರ್. ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ನಮ್ಮ ರೂಟು. ಮೂಡಿಗೆರೆ ದಾಟುವ ಹೊತ್ತಿಗೆ ಅರ್ಧ ಬಸ್ಸು ತೂಕಡಿಸುತ್ತಿರುತ್ತದೆ. ಕೊಟ್ಟಿಗೆಹಾರ ಮುಗಿದು ಚಾರ್ಮಾಡಿ ಘಾಟಿಯ ತಿರುವು ಶುರುವಾದರೆ ಎಲ್ಲರೂ ಎದ್ದು ಕೂರುತ್ತಾರೆ, ಇಬ್ಬರಾದರೂ ಪ್ಲಾಸ್ಟಿಕ್ ಕವರ್ ಕೇಳುತ್ತಾರೆ. ಜೋಕಾಲಿ ರಿವ್ಯೂನಲ್ಲಿ ಘಾಟಿ ಕಥೆ ಯಾಕಪ್ಪಾ ಅಂತೀರಾ? ಬರುತ್ತೇನೆ ತಡೆಯಿರಿ.

ಮಗಳಿಗೆ ಆರು ವರ್ಷ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಅಳುತ್ತಾಳೆ. ಅಂಗಿಯ ಲೇಬಲ್ ಕತ್ತರಿಸದೆ ಮೈಗೆ ಹಾಕುವುದಿಲ್ಲ. ಸಂಜೆ ಶಾಲೆಯಿಂದ ಬಂದವಳು ಗೋಡೆಯಿಂದ ಗೋಡೆಗೆ ಓಡುತ್ತಾಳೆ, ರಾತ್ರಿ ಹನ್ನೊಂದಾದರೂ ನಿದ್ದೆ ಇಲ್ಲ. ಆಕ್ಯುಪೇಷನಲ್ ಥೆರಪಿ (ಆಟ, ದಿನನಿತ್ಯದ ಕೆಲಸಗಳ ಮೂಲಕ ಕೊಡುವ ತರಬೇತಿ) ಮಾಡುವ ಮೇಡಂ ಒಬ್ಬರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇವೆ. ಅವರ ರೂಮಿನಲ್ಲಿ ನೋಡಿದ ಬಟ್ಟೆ ಜೋಕಾಲಿಯನ್ನೇ ಆನ್‌ಲೈನಲ್ಲಿ 2,600 ರೂಪಾಯಿಗೆ ತರಿಸಿದೆ. ಎಳೆದರೆ ಹಿಗ್ಗುವ ಲೈಕ್ರಾ ಬಟ್ಟೆ, ಎರಡೂ ತುದಿ ಒಂದೇ ಕೊಕ್ಕೆಗೆ. ಮಗು ಒಳಗೆ ಕೂತರೆ ಸುತ್ತಲೂ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ.

ಬಟ್ಟೆ ಗಟ್ಟಿ, ಹೊಲಿಗೆ ಚೆನ್ನಾಗಿದೆ. ಜೊತೆಗೆ ಕೊಟ್ಟ ಸ್ಕ್ರೂ ಮಾತ್ರ ನಗೆಪಾಟಲು. ಅದಕ್ಕೆ ಕ್ಯಾಲೆಂಡರ್ ನೇತುಹಾಕಬಹುದು, ಮಗುವನ್ನಲ್ಲ. ನಾನು ಹಾರ್ಡ್‌ವೇರ್ ಅಂಗಡಿಯಿಂದ ಆಂಕರ್ ಬೋಲ್ಟ್ ತಂದು ಆರ್‌ಸಿಸಿ ತಾರಸಿಗೆ ಹಾಕಿಸಿದೆ. ಮೊದಲು ನಾನೇ ಹತ್ತು ನಿಮಿಷ ಜೋತುಬಿದ್ದು ನೋಡಿದೆ. ಹೊಸ ಬಟ್ಟೆಗೆ ಬಣ್ಣದ ಘಾಟು ಬೇರೆ. ನಮಗೆ ಅಷ್ಟೇನೂ ಅನಿಸಲಿಲ್ಲ, ಮಗಳು ನಾಲ್ಕು ದಿನ ಹತ್ತಿರವೇ ಬರಲಿಲ್ಲ. ಎರಡು ಸಲ ಒಗೆದು, ಒಳಗೆ ಅಜ್ಜಿಯ ಹಳೇ ಸೀರೆ ಹಾಸಿದ ಮೇಲೆ ಹತ್ತಿದಳು.

ಹತ್ತಿದ್ದೇ ತಡ, ಬುಗುರಿ ಥರ ಗಿರಗಿರ ತಿರುಗಿದಳು. ರಾತ್ರಿ ಎಂಟೂವರೆಗೆ. ಅವತ್ತು ಮಲಗಿದ್ದು ಹನ್ನೆರಡೂವರೆಗೆ! ಡಬ್ಬದ ಮೇಲೆ ನೋಡಿದರೆ 'ಮಗುವನ್ನು ಶಾಂತಗೊಳಿಸುತ್ತದೆ' ಅಂತ ದಪ್ಪಕ್ಷರದಲ್ಲಿ ಬರೆದಿದೆ. ಒಂದೇ ಸ್ಟಾರ್ ಕೊಡೋಣ ಅಂತಿದ್ದೆ.

ಮೇಡಂಗೆ ಹೇಳಿದರೆ ನಕ್ಕರು. "ನೀವು ಡ್ರೈವರ್ ಅಲ್ವಾ, ನಿಮಗೇ ಗೊತ್ತಿರಬೇಕು" ಅಂದರು. ಒಳಕಿವಿಯಲ್ಲಿ ಮೂರು ಅರ್ಧವೃತ್ತದ ಕೊಳವೆಗಳಿವೆ, ಒಳಗೆ ದ್ರವ. ತಲೆ ತಿರುಗಿದರೆ ಅದು ಅಲುಗಿ ಮಿದುಳುಕಾಂಡಕ್ಕೆ ಸುದ್ದಿ ಹೋಗುತ್ತದೆ. ಅಲ್ಲೇ ರೆಟಿಕ್ಯುಲರ್ ಫಾರ್ಮೇಷನ್ ಅಂತ ನರಕೋಶಗಳ ಒಂದು ಬಲೆ ಇದೆ. ಕಿವಿ, ಚರ್ಮ, ಕೀಲು, ಎಲ್ಲ ಕಡೆಯ ಸುದ್ದಿ ಅದಕ್ಕೂ ಮುಟ್ಟುತ್ತದೆ. ಮಿದುಳು ಎಷ್ಟು ಎಚ್ಚರವಿರಬೇಕು ಎನ್ನುವುದರಲ್ಲಿ ಅದರ ಕೈ ದೊಡ್ಡದು. 1949ರಲ್ಲಿ ಮೊರುಝಿ ಮತ್ತು ಮಗೂನ್ ಎಂಬ ವಿಜ್ಞಾನಿಗಳು ಬೆಕ್ಕುಗಳ ಆ ಭಾಗಕ್ಕೆ ಸಣ್ಣಗೆ ಕರೆಂಟ್ ಕೊಟ್ಟಾಗ, ನಿದ್ದೆಯ ಥರ ಇದ್ದ ಮಿದುಳಿನ ಅಲೆಗಳು ಎಚ್ಚರದ ಅಲೆಗಳಾದವಂತೆ.

ಅಂದರೆ ಗಿರಗಿರ ತಿರುಗಿದರೆ, ಗಕ್ಕನೆ ನಿಂತರೆ ಘಾಟಿ. ಹಿಂದೆ ಮುಂದೆ ಒಂದೇ ಸಮ, ನಿಧಾನ ತೂಗಿದರೆ ಮೂಡಿಗೆರೆ ರೋಡು. ನಮ್ಮಜ್ಜಿಗೆ ತೊಟ್ಟಿಲು ತೂಗುವಾಗ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಬಿಡಿ. ಬಟ್ಟೆಯ ಬಿಗಿಯೂ ಸುಮಾರು ಮಕ್ಕಳಿಗೆ ಹಿತ. ಆದರೆ ಎಲ್ಲರಿಗೂ ಅಲ್ಲ.

ಈಗ ರಾತ್ರಿ ಲೈಟ್ ಆರಿಸಿ ಹತ್ತು ನಿಮಿಷ ತೂಗುತ್ತೇವೆ. ತಿರುಗಿಸುವುದು ಬೆಳಗ್ಗೆ ಮಾತ್ರ, ಅವಳು ಮಂಕಾಗಿದ್ದರೆ, ನಾಲ್ಕೈದು ಸುತ್ತು. ಮುಖ ಬಿಳಿಚಿದರೆ ಅಥವಾ ಬೆವರಿದರೆ ಅಲ್ಲಿಗೇ ನಿಲ್ಲಿಸಿ ಅಂತ ಮೇಡಂ ಹೇಳಿದ್ದಾರೆ. ಮೊನ್ನೆ ಪಕ್ಕದ ಮನೆಯ ಮದುವೆ ಗಲಾಟೆಯಲ್ಲಿ ಅವಳೇ ಬಂದು ಕೈ ಎಳೆದು, "ಅಪ್ಪಾ, ಮೆಲ್ಲಗೆ ತೂಗು" ಅಂದಳು. ಮೊದಲಾಗಿದ್ದರೆ ಪಾತ್ರೆ ಎಸೆಯುತ್ತಿದ್ದಳು. ಕೊಟ್ಟ ದುಡ್ಡು ವಸೂಲಾಯಿತು ಅನಿಸಿದ್ದು ಆವಾಗಲೇ.

ಹಾಗಂತ ಇದು ಮದ್ದಲ್ಲ. ಮಿಕ್ಸಿಗೆ ಈಗಲೂ ಅಳುತ್ತಾಳೆ. ನಮ್ಮ ಮಕ್ಕಳ ಡಾಕ್ಟರು ಮೊದಲೇ ಎಚ್ಚರಿಸಿದ್ದರು: ತೂಗಿ, ಒತ್ತಿ ಇಂದ್ರಿಯಗಳನ್ನು ಪಳಗಿಸುವ ಇಂಥ ಥೆರಪಿಗೆ ಪುರಾವೆ ಇನ್ನೂ ಕಡಿಮೆ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ, ಪ್ರಯೋಜನ ಆಗುತ್ತಿದೆಯಾ ಅಂತ ಬರೆದಿಟ್ಟುಕೊಂಡು ನೋಡಿ ಅಂತ. ಮಲಗಿದ ಟೈಮನ್ನು ಕ್ಯಾಲೆಂಡರಿನಲ್ಲೇ ಬರೆಯುತ್ತಿದ್ದೇನೆ. ಹೆಚ್ಚಿನ ದಿನ ಹತ್ತರೊಳಗೆ ಇದೆ.

ಜೋಕಾಲಿಗೆ ನಾಲ್ಕು ಸ್ಟಾರ್. ಸ್ಕ್ರೂಗೆ ಸೊನ್ನೆ. ಡಬ್ಬದ ಮೇಲಿನ ಬರಹಕ್ಕೂ ಅಷ್ಟೇ. ಬೇಸಿಗೆಯಲ್ಲಿ ಒಳಗೆ ಸೆಕೆ ಜಾಸ್ತಿ, ಫ್ಯಾನ್ ಹತ್ತಿರ ಇರಲಿ, ಆದರೆ ರೆಕ್ಕೆಗೆ ತಾಗದಷ್ಟು ದೂರ. ಕೆಂಪು ಬಣ್ಣದ್ದು ಮಾತ್ರ ತಗೋಬೇಡಿ. ಮೊದಲ ಒಗೆತದಲ್ಲೇ ನನ್ನ ಖಾಕಿ ಅಂಗಿ ಗುಲಾಬಿಯಾಯಿತು.