ಹೊಸ ಹಾರ್ಡ್ ಡಿಸ್ಕಿಗೆ ಎಂಬಿಆರ್ ಸರಿಯೋ, ಜಿಪಿಟಿ ಸರಿಯೋ?

ಕೊಪ್ಪಳದಲ್ಲಿ ಮದುವೆಗಳ ವಿಡಿಯೊ ಮಾಡುವ ಗೆಳೆಯರೊಬ್ಬರು 4 ಟಿಬಿ ಹಾರ್ಡ್ ಡಿಸ್ಕ್ ಕೊಂಡು ಈ ಪ್ರಶ್ನೆ ಕೇಳಿದರು. ಎಂಬಿಆರ್, ಜಿಪಿಟಿ ಎಂದರೆ ಡಿಸ್ಕನ್ನು ವಿಭಾಗಗಳಾಗಿ ಹಂಚಿ, ಆ ವಿಭಾಗಗಳ ಪಟ್ಟಿಯನ್ನು ಡಿಸ್ಕಿನಲ್ಲೇ ಬರೆದಿಡುವ ಎರಡು ಪದ್ಧತಿಗಳು.

ಹಳೆಯ ಎಂಬಿಆರ್ ಪದ್ಧತಿಯು ವಿಭಾಗಗಳ ಆರಂಭವನ್ನೂ ಅಳತೆಯನ್ನೂ 32 ಬಿಟ್‌ಗಳಲ್ಲಿ ಬರೆದಿಡುವುದರಿಂದ, 512 ಬೈಟ್ ಸೆಕ್ಟರ್‌ಗಳ (ಜಾಗವನ್ನು ಎಣಿಸುವ ಸಣ್ಣ ತುಂಡುಗಳ) ಡಿಸ್ಕಿನಲ್ಲಿ ಸುಮಾರು 2 ಟಿಬಿಯ ಆಚೆಗಿನ ಜಾಗ ಬಳಕೆಗೆ ದೊರೆಯುವುದಿಲ್ಲ. ಅಂದರೆ ಅವರು ಹಣ ಕೊಟ್ಟ ಜಾಗದಲ್ಲಿ ಹೆಚ್ಚುಕಡಿಮೆ ಅರ್ಧ ವ್ಯರ್ಥವಾಗುತ್ತಿತ್ತು. ಎಂಬಿಆರ್ ಪದ್ಧತಿಯಲ್ಲಿ ಪ್ರಾಥಮಿಕ ವಿಭಾಗಗಳೂ ನಾಲ್ಕೇ. ಹೆಚ್ಚು ಬೇಕೆಂದರೆ ಒಂದನ್ನು ವಿಸ್ತೃತ ವಿಭಾಗವಾಗಿಸಿ, ಅದರೊಳಗೆ ಮತ್ತೆ ವಿಂಗಡಿಸಬೇಕಾಗುತ್ತದೆ.

ಜಿಪಿಟಿಯಲ್ಲಿ ಈ ಇಕ್ಕಟ್ಟು ಇಲ್ಲ. ವಿಂಡೋಸ್‌ನಲ್ಲಿ ಅದು 128 ವಿಭಾಗಗಳಿಗೆ ಅವಕಾಶ ಕೊಡುತ್ತದೆ; ಮೇಲಾಗಿ ಮೊದಲಿನದು ಕೆಟ್ಟರೆ ಇರಲೆಂದು ವಿಭಾಗಗಳ ಪಟ್ಟಿಯ ಒಂದು ನಕಲನ್ನು ಡಿಸ್ಕಿನ ಕೊನೆಯಲ್ಲೂ ಇಡುತ್ತದೆ. ಮತ್ತೆ ಚಿತ್ರಿಸಲಾಗದ ಮದುವೆಗಳನ್ನು ಕಾಪಾಡಬೇಕಾದವರಿಗೆ ಇದು ಸಣ್ಣ ಅನುಕೂಲವಲ್ಲ, ಆದರೂ ಕಡತಗಳ ಬ್ಯಾಕಪ್ ಬೇರೆ ಇರಲೇಬೇಕು.

ಹಲವು ಡಿಸ್ಕ್‌ಗಳನ್ನು ಜೋಡಿಸುವಾಗ ಎಲ್ಲವೂ ಒಂದೇ ಪದ್ಧತಿಯಲ್ಲಿರಬೇಕಿಲ್ಲ.

ಯುಇಎಫ್ಐ (ಕಂಪ್ಯೂಟರನ್ನು ಚಾಲೂ ಮಾಡುವ ಹೊಸ ಬಗೆಯ ತಂತ್ರಾಂಶ) ಇಲ್ಲದ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬೂಟ್ ಆಗಬೇಕಾದ ಡಿಸ್ಕಿಗೆ ಎಂಬಿಆರ್ ಇರಲಿ; ಉಳಿದೆಡೆ ನನ್ನ ಆಯ್ಕೆ ಜಿಪಿಟಿಯೇ.